ಗರಗಸ ಎಂದರೆ ಕರ್ವತ್

ಅಂಕೋಲಾ ಮತ್ತು ಕಾರವಾರದ ನಡುವೆ ಹೆದ್ದಾರಿ ಬಿಟ್ಟು ಸಮುದ್ರದ ಕಡೆ ಇಳಿದರೆ ನಮ್ಮ ಶಾಲೆ. ಒಂದರಿಂದ ಏಳರವರೆಗೆ ಇದೆ. ಹಿಂದಿನ ಕಿಟಕಿ ತೆಗೆದರೆ ಗಾಳಿಮರ, ಅದರಾಚೆ ಮರಳು, ಮರಳಿನಾಚೆ ನೀರು. ಬಂಗಡೆ ಸೀಸನ್ನಿನಲ್ಲಿ ಕಿಟಕಿ ಮುಚ್ಚಿದರೂ ವಾಸನೆ ಒಳಗೆ ಬರುತ್ತದೆ. ನಾನು ಶಿರಸಿ ಕಡೆಯ ಅಡಿಕೆ ತೋಟದವಳು. ಮೊದಲ ವರ್ಷ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಪಾಠ ಮಾಡಿದ್ದೆ. ಈಗ ವಾಸನೆ ಬರದಿದ್ದರೆ ‘ಇವತ್ತು ದೋಣಿ ಹೋಗಲಿಲ್ಲವೇನೋ’ ಅನ್ನಿಸುತ್ತದೆ.

ನನ್ನದು ನಲಿ-ಕಲಿ ಕೋಣೆ. ಒಂದು, ಎರಡು, ಮೂರು, ಮೂರೂ ತರಗತಿ ಒಂದೇ ಕಡೆ, ನೆಲದ ಮೇಲೆ, ಗುಂಪು ಗುಂಪಾಗಿ. 2024ರಲ್ಲಿ ಮೂರನೇ ತರಗತಿಯಲ್ಲಿ 14 ಮಕ್ಕಳಿದ್ದರು. ಒಂಬತ್ತು ಮಕ್ಕಳ ಮನೆಮಾತು ಕೊಂಕಣಿ. ಮೂವರು ಹಾಲಕ್ಕಿ ಒಕ್ಕಲಿಗರ ಮನೆಯವರು. ಉಳಿದಿಬ್ಬರದು ಕನ್ನಡವೇ, ಆದರೆ ಅದು ಅಂಕೋಲೆಯ ಕನ್ನಡ. ನಾನು ಮನೆಯಲ್ಲಿ ಆಡುವುದು ಹವ್ಯಕ. ಅಂದರೆ ಪುಸ್ತಕದಲ್ಲಿರುವ ಕನ್ನಡ ಆ ಕೋಣೆಯಲ್ಲಿ ಯಾರ ಮನೆಮಾತೂ ಅಲ್ಲ. ಇದು ನನಗೆ ಎಂದೋ ಹೊಳೆಯಬೇಕಿತ್ತು. ಹೊಳೆಯಲು ಒಂದು ಪರೀಕ್ಷೆ ಬರಬೇಕಾಯಿತು.

ಆ ವರ್ಷ ಡಿಸೆಂಬರ್ 4ಕ್ಕೆ ಪರಖ್ ರಾಷ್ಟ್ರೀಯ ಸರ್ವೇಕ್ಷಣೆ ಇತ್ತು, ಮಕ್ಕಳ ಕಲಿಕೆ ಅಳೆಯಲು ದೇಶದಾದ್ಯಂತ ನಡೆಸುವ ಪರೀಕ್ಷೆ. ಶಿಕ್ಷಕರು ಇದನ್ನು ಇನ್ನೂ ನ್ಯಾಸ್ (ರಾಷ್ಟ್ರೀಯ ಸಾಧನಾ ಸಮೀಕ್ಷೆ) ಅಂತಲೇ ಕರೆಯುತ್ತಾರೆ. 2021ರ ನವೆಂಬರ್ 12ರಂದು ನಡೆದದ್ದು ಆ ಹೆಸರಿನಲ್ಲಿ. ಆಗ 3, 5, 8 ಮತ್ತು 10ನೇ ತರಗತಿಗಳಿಗೆ ಇತ್ತು. ಈ ಸಲ 3, 6 ಮತ್ತು 9. ಮೂರನೆಯವರಿಗೆ ಭಾಷೆ ಮತ್ತು ಗಣಿತ ಮಾತ್ರ. ಎಲ್ಲ ಶಾಲೆಗಳಿಗೂ ಇರುವುದಿಲ್ಲ, ಆರಿಸಿದ ಶಾಲೆಗಳಿಗಷ್ಟೇ. ಮಗುವಿಗೆ ಅಂಕಪಟ್ಟಿ ಇಲ್ಲ, ಪಾಸು ನಪಾಸು ಇಲ್ಲ. ಜಿಲ್ಲೆ ಎಲ್ಲಿ ನಿಂತಿದೆ, ರಾಜ್ಯ ಎಲ್ಲಿ ನಿಂತಿದೆ ಎಂದು ನೋಡುವ ಲೆಕ್ಕ. ಆದರೂ ಜಿಲ್ಲೆಗೆ ಒಂದು ಅಂಕಿ ಬರುತ್ತದೆ ಎಂದ ಮೇಲೆ ಮೇಲಿನಿಂದ ಕೆಳಗಿನವರೆಗೆ ಎಲ್ಲರಿಗೂ ಬಿಸಿ ತಟ್ಟುತ್ತದೆ, ಅಲ್ವಾ? ಸಭೆ ಆಯಿತು. ಮಾದರಿ ಪ್ರಶ್ನೆಪತ್ರಿಕೆ ಬಂದವು. ಮಕ್ಕಳು ಅಭ್ಯಾಸ ಮಾಡುತ್ತಿರುವ ಫೋಟೊ ವಾಟ್ಸಾಪಿಗೆ ಹಾಕಿ ಎಂದರು. ಫೋಟೊ ಹಾಕಿದೆವು.

ದಿನಗಳು ಬೇರೆ ಕಡಿಮೆ ಇದ್ದವು. ಆ ಮಳೆಗಾಲ ನಮ್ಮ ಜಿಲ್ಲೆಯವರು ಮರೆಯುವಂಥದ್ದಲ್ಲ. ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಮಳೆ ರಜೆಯ ಮೇಲೆ ಮಳೆ ರಜೆ. ಶಾಲೆಗೆ ಬಂದ ದಿನವೂ ಮಕ್ಕಳಿಗೆ ಒಂದೇ ಆಟ. ಗಣಿತದ ಕಟ್ಟಿಗೆ ತುಂಡುಗಳಲ್ಲಿ ಸೇತುವೆ ಕಟ್ಟುವುದು, ಬೀಳಿಸುವುದು, ಲಾರಿ ಬಿತ್ತು ಎಂದು ಕೂಗುವುದು. ನಾನು ಗದರಲಿಲ್ಲ. ದೊಡ್ಡವರೂ ಅದನ್ನೇ ಮಾತಾಡುತ್ತಿದ್ದರು.

ಸೆಪ್ಟೆಂಬರಿನಲ್ಲಿ ಒಬ್ಬೊಬ್ಬರನ್ನೇ ಜಗುಲಿಗೆ ಕರೆದು ಓದಿಸಿದೆ. ಹಳ್ಳಿ ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತದೆ ಎಂದು ನೋಡುವ ಅಸರ್ ಸಮೀಕ್ಷೆಯಲ್ಲಿ ಪ್ರಥಮ್ ಸಂಸ್ಥೆಯವರು 2005ರಿಂದ ಬಳಸುವ ಮೆಟ್ಟಿಲು ನಮ್ಮಂಥ ಟೀಚರುಗಳಿಗೆಲ್ಲ ಗೊತ್ತೇ ಇದೆ. ಮೊದಲು ಅಕ್ಷರ, ಆಮೇಲೆ ಪದ, ಆಮೇಲೆ ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಕೊನೆಗೆ ಎರಡನೇ ತರಗತಿ ಮಟ್ಟದ ಕತೆ. ನಾನೂ ಹಾಗೆಯೇ ಮಾಡಿದೆ. 14ರಲ್ಲಿ ಹತ್ತು ಮಕ್ಕಳು ಕತೆ ಓದಿದರು. ಮೂವರು ಒತ್ತಕ್ಷರ ಬಂದಾಗ ನಿಂತು, ಬೆರಳು ಒತ್ತಿ, ಎಳೆದು ಓದಿದರು. ಒಬ್ಬಳು ಅಕ್ಷರದಲ್ಲೇ ಇದ್ದಳು, ಅವಳು ಬಂದದ್ದೇ ಆಗಸ್ಟಿನಲ್ಲಿ. ಹತ್ತು ಮಕ್ಕಳು ಕತೆ ಓದಿದ್ದಾರೆ ಎಂದರೆ ಸಣ್ಣ ಮಾತಲ್ಲ. ಹೆಡ್ ಮಾಸ್ತರಿಗೆ ಹೇಳಿದೆ. ಅವರೂ ಖುಷಿಪಟ್ಟರು.

ಆಮೇಲೆ ನಾನೊಂದು ತಪ್ಪು ಮಾಡಿದೆ. ಚಿಕ್ಕ ಮಕ್ಕಳಿಗೆ ಓದು, ಲೆಕ್ಕ ಬರಲೇಬೇಕು ಎಂಬ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಯ 2021ರ ಮಾರ್ಗಸೂಚಿಯಲ್ಲಿ ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದ ಅರ್ಥಸಹಿತ ಓದಬೇಕು ಎಂದಿದೆ. ನನ್ನ ಕಣ್ಣಿಗೆ 60 ಬಿತ್ತು, ‘ಅರ್ಥಸಹಿತ’ ಬೀಳಲಿಲ್ಲ. ಮೊಬೈಲಿನಲ್ಲಿ ನಿಮಿಷ ಇಟ್ಟು ಓದಿಸತೊಡಗಿದೆ. ಗೋಡೆಗೆ ಪಟ್ಟಿ ಹಚ್ಚಿದೆ. ಯಾರು 38, ಯಾರು 45 ಎಂದು. ಮಕ್ಕಳಿಗೆ ಅದು ಓಟದ ಪಂದ್ಯವಾಯಿತು. ಪದದ ಕೊನೆ ನುಂಗಿದರು, ಪೂರ್ಣವಿರಾಮ ಹಾರಿದರು. ಕನ್ನಡದಲ್ಲಿ ಪದ ಎಣಿಸುವುದೇ ಒಂದು ತಮಾಷೆ. ‘ಹೋಗುತ್ತಿದ್ದವರೆಲ್ಲರೂ’ ಎಂಬುದು ಒಂದು ಪದ, ‘ಆ’ ಎಂಬುದೂ ಒಂದು ಪದ. ಒಬ್ಬ ಹುಡುಗ ಏಕ್‌ದಂ 70ಕ್ಕೆ ಹೋದ. ನನಗೆ ಅನುಮಾನ ಬಂತು. ನೋಡಿದರೆ ಅವನು ಸಾಲಿನಲ್ಲಿ ಕೊನೆಗೆ ನಿಲ್ಲುತ್ತಿದ್ದ. ಮುಂದಿನವರು ಓದುವುದನ್ನು ಕೇಳಿ ಕೇಳಿ ಕತೆ ಬಾಯಿಪಾಠವಾಗಿತ್ತು. ಪುಟ ತಿರುಗಿಸುವ ಮೊದಲೇ ಮುಂದಿನ ಪುಟದ ಸಾಲು ಹೇಳಿಬಿಟ್ಟ! ನಗು ತಡೆಯಲಾಗಲಿಲ್ಲ. ಅವತ್ತೇ ಪಟ್ಟಿ ಕಿತ್ತು ಒಲೆಗೆ ಕೊಟ್ಟೆ.

ಅಕ್ಟೋಬರಿನಲ್ಲಿ ಒಂದು ಮಾದರಿ ಪತ್ರಿಕೆ ಮಾಡಿಸಿದೆ. ಗಟ್ಟಿಯಾಗಿ ಓದುವುದಿಲ್ಲ, ಮನಸ್ಸಿನಲ್ಲೇ ಓದಿ ನಾಲ್ಕರಲ್ಲಿ ಒಂದು ಉತ್ತರ ಆರಿಸಬೇಕು. ಹತ್ತು ಜಾಣರಲ್ಲಿ ನಾಲ್ವರು ಮಾತ್ರ ಅರ್ಧ ದಾಟಿದರು. ಒತ್ತಕ್ಷರಕ್ಕೆ ತಡವರಿಸುವ ಒಬ್ಬಳು ಅವರಲ್ಲಿ ಆರು ಮಂದಿಗಿಂತ ಜಾಸ್ತಿ ಸರಿ ಮಾಡಿದ್ದಳು. ಅವಳ ಮನೆಯಲ್ಲಿ ಆಡುವುದು ಕನ್ನಡ. ಆಗಲೂ ನನಗೆ ಪೂರ್ತಿ ಹೊಳೆಯಲಿಲ್ಲ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಹೊಳೆದದ್ದು ಗರಗಸದಿಂದ.

ನಲಿ-ಕಲಿಯಲ್ಲಿ ಅಕ್ಷರ ಕಲಿಸುವುದು ಅ ಆ ಇ ಈ ಎಂಬ ಕ್ರಮದಲ್ಲಲ್ಲ. ರ, ಗ, ಸ, ದ, ಅ ಎಂದು ಶುರು. ಆ ಐದು ಅಕ್ಷರ ಬಂದರೆ ಸಾಕು, ಅರಸ, ದಸರ, ಗರಗಸ ಎಲ್ಲ ಓದಬಹುದು. ಹಾಗಾಗಿ ನಮ್ಮ ಮಕ್ಕಳು ಬದುಕಿನಲ್ಲಿ ಮೊದಲು ಓದುವ ಪದಗಳಲ್ಲಿ ಗರಗಸವೂ ಒಂದು. ಆ ಪತ್ರಿಕೆಯಲ್ಲಿ ಬಡಗಿಯ ಮೇಲೆ ಐದು ಸಾಲಿತ್ತು. ‘ಬಡಗಿ ಮರವನ್ನು ಯಾವುದರಿಂದ ಕೊಯ್ದನು?’ ಎಂಬ ಪ್ರಶ್ನೆಗೆ ಎಲ್ಲರೂ ‘ಗರಗಸ’ ಎಂದು ಸರಿಯಾಗಿ ಹಾಕಿದ್ದರು. ಅದರ ಕೆಳಗೆ ನಾನೇ ಒಂದು ಪ್ರಶ್ನೆ ಸೇರಿಸಿದ್ದೆ. ಗರಗಸಕ್ಕೆ ಏನಿರುತ್ತದೆ? ರೆಕ್ಕೆ, ಹಲ್ಲು, ಎಲೆ, ಬಾಲ. ಸುಮ್ನೆ ನಗಲಿ ಎಂದು ಹಾಕಿದ್ದು. ಒಬ್ಬ ಹುಡುಗ ‘ಬಾಲ’ಕ್ಕೆ ಗುರುತು ಮಾಡಿದ್ದ.

‘ಬಾಲ ಎಂತಕ್ಕೋ?’ ಎಂದೆ.

‘ಹಾವಿಗೆ ಬಾಲ ಇರ್ತದಲ್ಲ ಅಕ್ಕೋರೆ.’

ಕಾರ್ಡಿನ ಪೆಟ್ಟಿಗೆ ತೆಗೆದು ನೋಡಿದೆ. ಗರಗಸದ ಚಿತ್ರ ಎಷ್ಟೋ ಕೈ ದಾಟಿ ಮಾಸಿತ್ತು. ಉದ್ದಕ್ಕೊಂದು ಗೆರೆ, ಅಂಕುಡೊಂಕು ಅಂಚು. ಹಾವೇ ಹೌದು. ಎರಡು ವರ್ಷದಿಂದ ಅವನು ‘ಗರಗಸ’ ಎಂದು ತಪ್ಪಿಲ್ಲದೆ ಓದುತ್ತಿದ್ದ, ಹಾವು ಎಂದುಕೊಳ್ಳುತ್ತಿದ್ದ. ನಾನು ಬೆನ್ನು ತಟ್ಟುತ್ತಿದ್ದೆ.

ಬೋರ್ಡಿನ ಮೇಲೆ ಹಲ್ಲು ಹಲ್ಲಾಗಿ ಬರೆದು ತೋರಿಸುತ್ತಿದ್ದೆ. ಬಿಸಿಯೂಟದ ಅಕ್ಕ ಸಾರಿನ ಉಪ್ಪು ನೋಡಿ ಎಂದು ಸೌಟು ಹಿಡಿದುಕೊಂಡು ಬಂದವರು ಬಾಗಿಲಲ್ಲೇ ನಿಂತರು. ‘ಅಕ್ಕೋರೆ, ಅದು ಕರ್ವತ್ ಅಲ್ದಾ?’ ಎಂದರು. ಕೊಂಕಣಿಯಲ್ಲಿ ಗರಗಸಕ್ಕೆ ಅದೇ ಹೆಸರು. ಇಡೀ ಕೋಣೆ ‘ಕರ್ವತ್! ಕರ್ವತ್!’ ಎಂದು ಎದ್ದಿತು. ಆ ಹುಡುಗನಂತೂ ಎದ್ದು ನಿಂತೇ ಬಿಟ್ಟ. ‘ನಮ್ಮನೇಲಿ ನಾಲ್ಕು ಉಂಟು ಅಕ್ಕೋರೆ!’

ಅವನ ಅಪ್ಪ ದೋಣಿ ರಿಪೇರಿ ಮಾಡುವ ಬಡಗಿ.

ಅವತ್ತು ಸಂಜೆ ಬಸ್ಸಿನಲ್ಲಿ ಕುಳಿತು ಬಹಳ ಹೊತ್ತು ಅದನ್ನೇ ಯೋಚಿಸಿದೆ. ಕನ್ನಡ ಲಿಪಿಯ ದೊಡ್ಡ ಗುಣ ಎಂದರೆ ಬರೆದ ಹಾಗೆ ಓದಬಹುದು. ಅದೇ ನಮ್ಮಂಥ ಟೀಚರುಗಳಿಗೆ ಮೋಸವನ್ನೂ ಮಾಡುತ್ತದೆ. ಅಕ್ಷರ, ಕಾಗುಣಿತ, ಒತ್ತು ಬಂತೆಂದರೆ ಮಗು ಏನನ್ನೂ ಓದಿಬಿಡುತ್ತದೆ. ಅರ್ಥ ಗೊತ್ತಿರಬೇಕೆಂದೇನಿಲ್ಲ. ಕೇಳುವವರಿಗೆ ಎರಡೂ ಒಂದೇ ಥರ ಕೇಳಿಸುತ್ತದೆ.

ಮರುದಿನದಿಂದ ಹಳೆಯ ಕ್ಯಾಲೆಂಡರುಗಳ ಬೆನ್ನಿಗೆ ಗೆರೆ ಹೊಡೆದು ಗೋಡೆಗೆ ಹಚ್ಚಿದೆ. ಒಂದು ಕಡೆ ಪುಸ್ತಕದ ಪದ, ಅದರ ಪಕ್ಕ ಮನೆಯ ಪದ. ಏಡಿ ಎದುರು ಕುರ್ಲಿ. ನೀರಿನ ಎದುರು ಉದಾಕ್. ಕಾಗೆ ಎದುರು ಕಾವ್ಳೊ. ಹಾಲಕ್ಕಿ ಮಕ್ಕಳು ತಮಗೂ ಒಂದು ಸಾಲು ಬೇಕೆಂದು ಹಟ ಮಾಡಿದರು, ಹಾಕಿದೆ. ‘ಅಕ್ಕೋರೆ, ನಿಮ್ದು?’ ಎಂದರು. ಹವ್ಯಕದ್ದನ್ನೂ ಹಾಕಿದೆ. ನನ್ನ ಮಾತು ಕೇಳಿ ಅವರು ನಕ್ಕದ್ದೇ ನಕ್ಕದ್ದು.

ಹೆಸರು ಪದಗಳು ಅಷ್ಟು ಕಷ್ಟವಲ್ಲ, ಚಿತ್ರ ಬರೆದರೆ ಮುಗಿಯಿತು. ಸಿಕ್ಕಿಹಾಕಿಕೊಂಡದ್ದು ಚಿಕ್ಕ ಪದಗಳಲ್ಲಿ. ಆದರೆ, ಆದ್ದರಿಂದ, ಹೊರತು, ಮುನ್ನ. ‘ಊಟಕ್ಕೆ ಮುನ್ನ ಕೈ ತೊಳೆದನು’ ಎಂದು ಓದುತ್ತಾರೆ. ಮೊದಲು ಏನು ಮಾಡಿದ ಎಂದರೆ ‘ಊಟ’ ಎನ್ನುತ್ತಾರೆ, ಸಾಲಿನಲ್ಲಿ ಊಟ ಮೊದಲು ಬಂದಿದೆಯಲ್ಲ! ‘ಆದರೆ’ ಬಂದ ಮೇಲೆ ಮಾತು ತಿರುಗುತ್ತದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ‘ಆದರೆ’ ಅಂದರೆ ನಮ್ಮ ‘ಪುಣ್’ ಎಂದು ಹೇಳಿಕೊಟ್ಟವರು ಮತ್ತೆ ಬಿಸಿಯೂಟದ ಅಕ್ಕನೇ. ಅವರು ಓದಿದ್ದು ಏಳನೇ ತರಗತಿ. ಆ ಎರಡು ತಿಂಗಳು ನನ್ನ ತರಗತಿಯ ಅರ್ಧ ಟೀಚರು ಅವರು. ಸಂಬಳ ಮಾತ್ರ ಅಡುಗೆಯದ್ದು, ಅದೂ ಎಷ್ಟು ಎಂದು ಬರೆಯಲು ಮನಸ್ಸಾಗುವುದಿಲ್ಲ.

ಒಂದು ದಿನ ಮೇಲಿನವರೊಬ್ಬರು ತರಗತಿ ನೋಡಲು ಬಂದರು. ಮಕ್ಕಳು ಗುಂಪಿನಲ್ಲಿ ಕುಳಿತು ಕನ್ನಡದ ಕತೆಯ ಮೇಲೆ ಕೊಂಕಣಿಯಲ್ಲಿ ಜಗಳವಾಡುತ್ತಿದ್ದರು. ‘ಮೇಡಂ, ಕನ್ನಡದ ಪರೀಕ್ಷೆಗೆ ಕೊಂಕಣಿ ಎಂತಕ್ಕೆ?’ ಎಂದರು. ಗರಗಸದ ಕತೆ ಹೇಳಿದೆ. ನಕ್ಕರು. ‘ಆಯ್ತು, ಫೋಟೊ ತೆಗೆಯುವಾಗ ಆ ಗೋಡೆ ಬೇಡ’ ಎಂದು ಹೇಳಿ ಹೋದರು.

ಮಾದರಿ ಪತ್ರಿಕೆಗಳಲ್ಲಿ ಮೃಗಾಲಯ, ಮೆಟ್ರೊ ರೈಲು, ನಗರದ ಉದ್ಯಾನ ಇವೇ ಇದ್ದವು. ಅವನ್ನೂ ಮಾಡಿಸಿದೆ. ಜೊತೆಗೆ ರಾತ್ರಿ ಕುಳಿತು ನಾನೇ ಆರೇಳು ಸಾಲಿನ ತುಣುಕು ಬರೆಯತೊಡಗಿದೆ. ಒಂದು ಹೀಗಿತ್ತು. ಅಜ್ಜಿ ಅಂಗಳದಲ್ಲಿ ಮೀನು ಒಣಗಲು ಹಾಕಿದ್ದಳು. ಮಧ್ಯಾಹ್ನ ಜಗುಲಿಯಲ್ಲಿ ಎಲೆ ಅಡಿಕೆ ಹಾಕುತ್ತ ಕುಳಿತಿದ್ದಳು. ಪಡುವಣದಲ್ಲಿ ಕಪ್ಪಾಯಿತು. ಅಜ್ಜಿ ಬಾಯಲ್ಲಿದ್ದುದನ್ನು ಉಗಿದು ಅಂಗಳಕ್ಕೆ ಓಡಿದಳು. ಮೊಮ್ಮಗಳನ್ನು ‘ಚಾಪೆ ಹಿಡಿ’ ಎಂದು ಕೂಗಿದಳು. ಪ್ರಶ್ನೆ: ಅಜ್ಜಿ ಯಾಕೆ ಓಡಿದಳು? ಮಳೆ ಎಂಬ ಪದವೇ ಅದರಲ್ಲಿಲ್ಲ. ಇಂಥ ಪ್ರಶ್ನೆಯಲ್ಲೇ ಮಕ್ಕಳು ಸೋಲುತ್ತಿದ್ದರು. ಉತ್ತರದ ಪದ ಮೇಲಿನ ಸಾಲಿನಲ್ಲಿ ಇದ್ದರೆ ಹುಡುಕಿ ಹಾಕುತ್ತಾರೆ. ಇಲ್ಲದಿದ್ದರೆ ಕಣ್ಣುಮುಚ್ಚಿ ‘ಬಿ’.

ಅಜ್ಜಿಯ ಮೀನಿಗೆ ಮಾತ್ರ 11 ಮಂದಿ ‘ಮಳೆ ಬರುವಂತಿತ್ತು’ ಎಂದು ಹಾಕಿದರು. ಎರಡು ಜಡೆಯ ಒಬ್ಬಳು ‘ಕಾಗೆ ಬಂದವು’ ಎಂಬುದಕ್ಕೆ ಹಾಕಿದ್ದಳು. ತಪ್ಪು ಎಂದೆ. ಅವಳು ಒಪ್ಪಲಿಲ್ಲ. ‘ಕಪ್ಪಾಯಿತು ಅಂತ ಇದೆ ಅಕ್ಕೋರೆ. ಕಾವ್ಳೊ ಕಪ್ಪಲ್ವಾ? ನಮ್ಮ ಮನೇಲಿ ಮೀನು ಹಾಕಿದ್ರೆ ಹಿಂಡು ಬರ್ತದೆ.’ ಎಷ್ಟು ಸರಿ! ಏನು ಹೇಳಲಿ ಎಂದು ನನಗೇ ಗೊತ್ತಾಗಲಿಲ್ಲ. ಆಗ ಇನ್ನೊಬ್ಬ ಹುಡುಗ ಹೇಳಿದ: ‘ಕಾವ್ಳೊ ಬಂದ್ರೆ ಕೋಲು ತಕ್ಕೊಂಡು ಓಡ್ತಾರೆ. ಚಾಪೆ ಹಿಡಿ ಅಂತ ಯಾಕೆ ಹೇಳ್ತಾರೆ?’ ಅವಳು ಮತ್ತೆ ಕಾಗದ ನೋಡಿದಳು. ಪಡುವಣ, ಚಾಪೆ ಎರಡರ ಮೇಲೂ ಬೆರಳಿಟ್ಟಳು. ಅಳಿಸಿ ಬೇರೆ ಹಾಕಿದಳು. ಬೇಜಾರಿನಿಂದಲೇ ಹಾಕಿದಳು.

ಅಲ್ಲಿಂದ ನಮ್ಮ ತರಗತಿಯಲ್ಲಿ ಒಂದು ನಿಯಮವಾಯಿತು. ಉತ್ತರ ಸರಿಯೋ ತಪ್ಪೋ ನಾನು ಹೇಳುವುದಿಲ್ಲ. ‘ಸಾಲು ತೋರಿಸು’ ಎನ್ನುತ್ತೇನೆ. ಬೆರಳಿಟ್ಟು ತೋರಿಸಬೇಕು. ತೋರಿಸಿದ ಸಾಲು ಅಷ್ಟು ಹೇಳುತ್ತದೋ ಇಲ್ಲವೋ ಎಂದು ಉಳಿದವರು ಜಗಳ ಮಾಡಬೇಕು. ಸದ್ದು ಜಾಸ್ತಿ. ಪಕ್ಕದ ಐದನೇ ತರಗತಿಯ ಮಾಸ್ತರು ಎರಡು ಸಲ ಬಂದು ಇಣುಕಿ ಹೋದರು. ಹತ್ತು ಪ್ರಶ್ನೆ ಮಾಡಿಸುವ ಹೊತ್ತಿನಲ್ಲಿ ಮೂರೇ ಆಗುತ್ತಿತ್ತು. ನನಗೆ ಅದು ಸಾಕೆನಿಸಿತು. ಬಂದ ಪತ್ರಿಕೆಗಳಲ್ಲಿ ನಾಲ್ಕನ್ನು ಮುಟ್ಟಲೇ ಇಲ್ಲ.

ಮಾದರಿ ಪತ್ರಿಕೆಯಲ್ಲಿ ಉತ್ತರದ ವೃತ್ತ ತುಂಬುವುದನ್ನೂ ಕಲಿಸಬೇಕಿತ್ತು. ಎಂಟು ವರ್ಷದ ಮಕ್ಕಳಿಗೆ ಅದೆಲ್ಲ ಏನು ಗೊತ್ತು? ಮೊದಲ ದಿನ ಒಬ್ಬಳು ಎಲ್ಲ ವೃತ್ತಗಳಿಗೂ ಕಣ್ಣು ಮೂಗು ಬರೆದಿದ್ದಳು. ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ದೊಡ್ಡ ವೃತ್ತ ಬರೆದು, ಕಡಲ ದಂಡೆಯಿಂದ ತಂದ ಚಿಪ್ಪಿ ಇಡಿಸಿದೆ. ಒಂದು ಪ್ರಶ್ನೆಗೆ ಒಂದೇ ಚಿಪ್ಪಿ. ಎರಡು ದಿನಕ್ಕೆ ಬಂತು. ಅದರಲ್ಲಿ ಹೇಳುವಂಥದ್ದು ಏನಿಲ್ಲ.

ಹೇಳಬೇಕಾದದ್ದು ಇನ್ನೊಂದಿದೆ. ಆ ಎರಡು ತಿಂಗಳು ನನ್ನದೇ ಕೋಣೆಯ ಒಂದನೇ, ಎರಡನೇ ತರಗತಿಯ ಮಕ್ಕಳನ್ನು ನಾನು ಸರಿಯಾಗಿ ನೋಡಲಿಲ್ಲ. ಕಾರ್ಡು ಕೊಟ್ಟು ಕೂರಿಸುತ್ತಿದ್ದೆ. ಅವರು ಅದನ್ನೇ ತಿರುಗಿಸಿ ತಿರುಗಿಸಿ ನೋಡಿ, ಆಮೇಲೆ ಅದರಿಂದ ಮನೆ ಕಟ್ಟುತ್ತಿದ್ದರು. ಒಂದನೆಯ ಒಬ್ಬ ಪುಟ್ಟ ದಿನಾ ಹಾಲು ಕುಡಿದು ನನ್ನ ಪಕ್ಕವೇ ಮಲಗಿಬಿಡುತ್ತಿದ್ದ. ಎಬ್ಬಿಸುತ್ತಿರಲಿಲ್ಲ, ಸದ್ದು ಒಂದು ಕಡಿಮೆ ಎಂದು. ಪರೀಕ್ಷೆ ಮೂರನೆಯವರಿಗೆ, ಲೆಕ್ಕ ಮೂರನೆಯವರದ್ದು. ಉಳಿದವರ ನಷ್ಟ ಯಾವ ವರದಿಯಲ್ಲೂ ಬರುವುದಿಲ್ಲ.

ಡಿಸೆಂಬರ್ 4, ಬುಧವಾರ. ಫೆಂಗಲ್ ಚಂಡಮಾರುತದ ಉಳಿಕೆ ಮೋಡ ಆಕಾಶದಲ್ಲಿತ್ತು. ಎಂಟೂವರೆಗೇ ಶಾಲೆಗೆ ಬಂದೆ. ಒಂಬತ್ತೂಕಾಲಕ್ಕೆ 13 ಮಕ್ಕಳು ಬಂದಿದ್ದರು. ಬಡಗಿಯ ಮಗ ಇರಲಿಲ್ಲ. ‘ಅವ ರಾಂಪಣಿ ಎಳೀಲಿಕ್ಕೆ ಹೋಗಿದಾನೆ’ ಎಂದರು. ರಾಂಪಣಿ ಎಂದರೆ ದಂಡೆಗೆ ಎಳೆಯುವ ದೊಡ್ಡ ಬಲೆ. ಚಪ್ಪಲಿ ಕೈಯಲ್ಲಿ ಹಿಡಿದು ಮರಳಿನಲ್ಲಿ ಓಡಿದೆ. ದಂಡೆಯಲ್ಲಿ ಎರಡು ಕಡೆಯಿಂದ ಜನ ಹಗ್ಗ ಎಳೆಯುತ್ತಿದ್ದರು. ದೊಡ್ಡವರ ಸಾಲಿನ ಕೊನೆಯಲ್ಲಿ ಇವನು, ಹಗ್ಗಕ್ಕಿಂತ ಸ್ವಲ್ಪ ದಪ್ಪ. ‘ಬಾರೋ, ಪರೀಕ್ಷೆ!’ ಎಂದೆ. ಅವನ ಅಜ್ಜಿ ಬುಟ್ಟಿ ಹಿಡಿದು ನಿಂತಿದ್ದಳು. ‘ಇನ್ನು ಸ್ವಲ್ಪ ಅಕ್ಕೋರೆ, ಎಳೆದವರಿಗೆ ಪಾಲು ಉಂಟು’ ಎಂದಳು. ಬಲೆ ಇನ್ನೂ ನೀರಿನಲ್ಲೇ ಇತ್ತು. ಕೊನೆಗೆ ಅಜ್ಜಿಯೇ ಬುಟ್ಟಿ ಕೆಳಗಿಟ್ಟು ಅವನ ಜಾಗದಲ್ಲಿ ಹಗ್ಗ ಹಿಡಿದಳು. ಅವನು ಒದ್ದೆ ಚಡ್ಡಿಯಲ್ಲೇ ಬಂದ. ಆರನೇ ತರಗತಿಯ ಒಬ್ಬನ ಕ್ರೀಡಾ ಚಡ್ಡಿ ಕೊಡಿಸಿದೆ, ಮೊಣಕಾಲು ದಾಟುತ್ತಿತ್ತು.

ಪರೀಕ್ಷೆ ನಡೆಸಲು ಹೊರಗಿನವರು ಬಂದಿದ್ದರು. ಬಿ.ಇಡಿ ಓದುವ ಹುಡುಗಿ, ಮೆತ್ತಗಿನ ಮಾತಿನವಳು. ತರಗತಿ ಟೀಚರು ಒಳಗೆ ಇರುವಂತಿಲ್ಲ. ನಾನು ಒಂದು, ಎರಡನೆಯ ಮಕ್ಕಳನ್ನು ಕರೆದುಕೊಂಡು ಜಗುಲಿಯ ಆ ತುದಿಗೆ ಹೋಗಿ ಕುಳಿತೆ. ಬಹಳ ದಿನದ ಮೇಲೆ ಅವರಿಗೊಂದು ಕತೆ ಹೇಳಿದೆ. ಕಿವಿಯೆಲ್ಲ ಆ ಕೋಣೆಯ ಕಡೆ. ಅಷ್ಟು ನಿಶ್ಶಬ್ದ ಆ ಕೋಣೆಯಲ್ಲಿ ಹಿಂದೆಂದೂ ಇರಲಿಲ್ಲ.

ಹೊರಗೆ ಬಂದವರೇ ಊಟದ ತಟ್ಟೆ ಹಿಡಿದು ಜಗಳ ಶುರು ಮಾಡಿದರು. ಪತ್ರಿಕೆ ನಾನು ನೋಡುವಂತಿರಲಿಲ್ಲ. ಅವರ ಮಾತಿನಿಂದ ಅರ್ಧಂಬರ್ಧ ತಿಳಿಯಿತು. ‘ಸಾಲು ತೋರಿಸು’ ಎಂದು ಒಬ್ಬಳು. ‘ಪೇಪರ್ ತಕ್ಕೊಂಡು ಹೋದ್ರಲ್ಲ, ಎಲ್ಲಿ ತೋರಿಸ್ಲಿ?’ ಎಂದು ಇನ್ನೊಬ್ಬ. ಬಡಗಿಯ ಮಗನನ್ನು ಕೇಳಿದೆ, ಹೇಗಾಯ್ತೋ? ‘ಒಂದು ಪದ ಗೊತ್ತಾಗಲಿಲ್ಲ ಅಕ್ಕೋರೆ. ಹಿಂದಿನ ಸಾಲು ಓದಿದೆ. ಆಗಲೂ ಗೊತ್ತಾಗಲಿಲ್ಲ. ಮುಂದಿನದ್ದು ಓದಿದೆ.’ ಆಮೇಲೆ? ‘ಆಮೇಲೆ ಗೊತ್ತಾಯ್ತು. ಬಂಗಡೆ ಸಿಕ್ಕಿತಂತಾ?’

2025ರ ಜುಲೈನಲ್ಲಿ ವರದಿ ಬಂತು. ಜಿಲ್ಲೆಯ ಅಂಕಿ ಇತ್ತು. ನಮ್ಮ ಶಾಲೆಯದ್ದು ಇರಲಿಲ್ಲ, ಇರುವ ಕ್ರಮವೂ ಇಲ್ಲ. ಅಷ್ಟು ಹೊತ್ತಿಗೆ ಆ 14 ಮಂದಿ ನಾಲ್ಕನೇ ತರಗತಿಗೆ ಹೋಗಿ, ನನ್ನ ಕೋಣೆಗೆ ಹೊಸಬರು ಬಂದಿದ್ದರು. ಹೊಸಬರಿಗೆ ರ, ಗ, ಸ ಶುರುವಾಗುವ ವಾರ ಬಡಗಿಯ ಮನೆಗೆ ಹೇಳಿ ಕಳಿಸಿದೆ. ಮರುದಿನ ಅವನ ಅಪ್ಪ ಹಳೆಯದೊಂದು ಕರ್ವತ್ ಗೋಣಿಯಲ್ಲಿ ಸುತ್ತಿ ತಂದುಕೊಟ್ಟರು. ಹಿಡಿಕೆ ಎಣ್ಣೆಗಪ್ಪಾಗಿತ್ತು. ಮಕ್ಕಳ ನಡುವೆ ಇಟ್ಟು, ಪಕ್ಕದಲ್ಲಿ ಆ ಮಾಸಿದ ಕಾರ್ಡು ಇಟ್ಟೆ. ಒಬ್ಬೊಬ್ಬರೇ ಬಂದು ಹಲ್ಲು ಮುಟ್ಟಿ ನೋಡಿದರು.

ಹೆಡ್ ಮಾಸ್ತರು ನೋಡಿ ಗಾಬರಿಯಾದರು. ‘ಮೇಡಂ, ಯಾರಾದ್ರೂ ಕೈ ಕುಯ್ದುಕೊಂಡ್ರೆ ಯಾರು ಜವಾಬ್ದಾರಿ?’ ಎಂದರು. ಅದೂ ಸರಿಯೇ. ಈಗ ಅದು ಕಪಾಟಿನ ಮೇಲಿದೆ. ಪಾಠ ಇದ್ದಾಗ ಸ್ಟೂಲು ಹತ್ತಿ ಇಳಿಸುತ್ತೇನೆ.